ಹಗ್ಗಕ್ಕೆ ನೇತುಹಾಕಿದ ಫೋನು

ನನ್ನ ಸೊಸೆ ಬಟ್ಟೆಗೆ ಬಣ್ಣ ಹಾಕುವವಳು. ಹಿತ್ತಲಿನಲ್ಲಿ ಒಂದು ಒಲೆ, ಅದರ ಮೇಲೆ ದೊಡ್ಡ ಹಂಡೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ. ಅವಳ ಕಾರ್ಖಾನೆ ಎಂದರೆ ಇಷ್ಟೇ. ಮಾಸಿದ ಸೋಫಾ ಹೊದಿಕೆಗೆ ಮತ್ತೆ ಬಣ್ಣ ಬರಬೇಕೆಂದರೆ, ಹರಿದುಹೋದ ಕಿಟಕಿ ಪರದೆಗೆ ಜೋಡಿ ಬೇಕೆಂದರೆ ಜನ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ದೂರದವರು ಬರುವುದಿಲ್ಲ, ಫೋನಿಗೆ ಫೋಟೋ ಕಳಿಸುತ್ತಾರೆ. ಆಗ ಅವಳು ಏನು ಮಾಡುತ್ತಿದ್ದಳು ಗೊತ್ತೇ? ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆ ಕ್ಲಿಪ್ಪಿನಿಂದ ಹಗ್ಗಕ್ಕೆ ಸಿಕ್ಕಿಸಿ, ಪಕ್ಕದಲ್ಲೇ ಬಣ್ಣದ ಬಟ್ಟೆ ಒಣಹಾಕಿ ಎರಡನ್ನೂ ತಾಳೆ ನೋಡುತ್ತಿದ್ದಳು. "ನಿಮ್ಮ ಸೊಸೆ ಫೋನನ್ನೂ ಒಗೆದು ಒಣಗಿಸ್ತಾಳಾ?" ಎಂದು ಎದುರು ಮನೆಯಾಕೆ ನಗುತ್ತಿದ್ದಳು. ನಗಲಿ, ಅವಳ ಮನೆಯ ದಿಂಬಿನ ಹೊದಿಕೆಗೆ ಬಣ್ಣ ಹಾಕಿಕೊಟ್ಟವಳೂ ನನ್ನ ಸೊಸೆಯೇ.

ಎಲ್ಲ ಚೆನ್ನಾಗಿಯೇ ನಡೆದಿತ್ತು, ನಾಟಕ ಮಂದಿರದ ಪರದೆ ಬರುವ ತನಕ.

ಪಕ್ಕದ ಊರಿನ ಹಳೆಯ ನಾಟಕ ಮಂದಿರ ಅದು. ಪರದೆಯ ಒಂದು ಪಟ್ಟಿಯನ್ನು ಇಲಿ ಕಡಿದುಹಾಕಿತ್ತು, ಅದನ್ನು ಆಗಲೇ ಬಿಚ್ಚಿ ಎಸೆದಿದ್ದರು. ಉಳಿದದ್ದು ಗಟ್ಟಿಯಾಗಿದ್ದುದರಿಂದ ಆ ಪಟ್ಟಿಯೊಂದನ್ನು ಹೊಸದಾಗಿ ಹೊಲಿಸಿ, ಹಳೆಯದಕ್ಕೆ ಹೊಂದುವ ಬಣ್ಣ ಹಾಕಿಸಬೇಕಿತ್ತು. ಅಲ್ಲಿನ ಮೇಲ್ವಿಚಾರಕಿ ಬಲು ಖಡಕ್ಕು. ಮಾದರಿಗೆ ಒಂದು ಚೂರು ಬಟ್ಟೆ ಕೇಳಿದರೆ, "ಪರದೆಗೆ ಕತ್ತರಿ ತಾಗಿಸೋ ಹಾಗಿಲ್ಲ" ಎಂದು ತಮ್ಮ ಫೋನಿನಿಂದ ಒಂದು ಫೋಟೋ ಕಳಿಸಿ ಕೈತೊಳೆದುಕೊಂಡರು. ಸೊಸೆ ಅದನ್ನೇ ನೋಡಿ ಬಣ್ಣ ಹಾಕಿದಳು. ಹಗ್ಗದ ಮೇಲೆ ಫೋನಿನ ಪಕ್ಕ ನೋಡಿದರೆ ಎರಡೂ ಒಂದೇ.

ಪಟ್ಟಿ ತೂಗುಹಾಕುವ ದಿನ ನಾವಿಬ್ಬರೂ ಹೋಗಿದ್ದೆವು. ಅಯ್ಯೋ, ಏನು ಹೇಳಲಿ! ಹಳೆಯ ಪರದೆ ಹಳೇ ಇಟ್ಟಿಗೆಯ ಬಣ್ಣ, ನಮ್ಮ ಪಟ್ಟಿ ಕಳಿತ ಟೊಮೆಟೊ. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಣ್ಣಿಗೆ ಹೊಡೆಯುವಂತಿತ್ತು.

ಮೇಲ್ವಿಚಾರಕಿ ಕೂಗಾಡಲಿಲ್ಲ. "ಇನ್ನೊಂದು ಸಲ ಮಾಡ್ಕೊಂಡು ಬನ್ನಿ. ಆಗಲೂ ಹೊಂದದೇ ಇದ್ರೆ ಇಡೀ ಪರದೆ ತೆಗೆಸಿ ಕಾರ್ಖಾನೆಗೆ ಕೊಡ್ತೀವಿ. ನಿಮ್ಮ ಹತ್ರ ಮತ್ತೆ ಬರಲ್ಲ" ಎಂದರು. ಕೂಗಾಡಿದ್ದರೇ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಬಹುದಿತ್ತು.

ಬಸ್ಸಿನಲ್ಲಿ ಸೊಸೆ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದಳು. "ಅತ್ತೆ, ನನ್ನ ಕಣ್ಣು ಕೆಟ್ಟಿದೆಯಾ?" ಎಂದು ಕೇಳಿದಳು.

"ಥೂ, ಬಿಡ್ತು ಅನ್ನು."

"ಫೋನಲ್ಲಿ ಸರಿ ಇತ್ತಲ್ಲ! ನನಗೆ ಸರಿಯಾಗೇ ಕಂಡಿತ್ತು. ಕಣ್ಣನ್ನ ನಂಬಕ್ಕಾಗದೇ ಇದ್ರೆ ಈ ಕೆಲಸ ಮಾಡೋದು ಹೇಗೆ? ಈ ಸಲಾನೂ ತಪ್ಪಿದ್ರೆ ಒಲೆ ಆರಿಸಿಬಿಡ್ತೀನಿ ಅತ್ತೆ."

ಮಾವನ ಅಂಗಿಗೆ ಬಣ್ಣ ಹಾಕಿ ಕೆಲಸ ಕಲಿತ ಹುಡುಗಿ ಇವಳು. ನೂಲು ನೋಡಿಯೇ ಎಷ್ಟು ಬಣ್ಣ ಕುಡಿಯುತ್ತದೆ ಎಂದು ಹೇಳುತ್ತಾಳೆ.

ಮಾರನೆಯ ಬೆಳಿಗ್ಗೆಯೇ ಮತ್ತೆ ಒಲೆ ಹಚ್ಚಿದಳು. ಮನಸ್ಸು ಎಲ್ಲೋ ಇತ್ತು, ಕ್ಲಿಪ್ಪು ಸರಿಯಾಗಿ ಕೂತಿರಲಿಲ್ಲ, ಫೋನು ನೇರವಾಗಿ ಹಂಡೆಯೊಳಕ್ಕೆ! ಇಕ್ಕಳದಿಂದ ಎತ್ತಿದಾಗ ಪ್ಲಾಸ್ಟಿಕ್ ಚೀಲದ ತುಂಬ ಬಿಸಿ ಬಣ್ಣದ ನೀರು. ಅಲ್ಲಿಗೆ ಅದರ ಕಥೆ ಮುಗಿಯಿತು.

ಇಲ್ಲಿಂದ ನನ್ನ ಮಗನ ಕಥೆ ಶುರು. ಅವನು ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ನಂಬರ್ ರಾಯ ಎಂದು. ಫ್ಯಾನಿಗೆ ಎಷ್ಟು ವಾಟು, ಮೋಟಾರಿಗೆ ಎಷ್ಟು ಎಚ್‌ಪಿ, ಕೊನೆಗೆ ನನ್ನ ಕನ್ನಡಕಕ್ಕೆ ಎಷ್ಟು ಪವರ್ರು, ಇದೇ ಅವನ ಮಾತು.

"ನೋಡು, ಈ ಸಲ ಸಣ್ಣಪುಟ್ಟ ಫೋನು ಬೇಡ" ಎಂದ ಹೆಂಡತಿಗೆ. "ಕಂಪನಿಯ ಎಲ್ಲಕ್ಕಿಂತ ಮೇಲಿನ ಆಂಡ್ರಾಯ್ಡ್ ಫೋನೇ ತಗೊಳ್ಳೋಣ. ಫ್ಲ್ಯಾಗ್‌ಶಿಪ್ ಅಂತಾರೆ. ಎರಡು ನೋಡಿಟ್ಟಿದೀನಿ, ಒಂದು ಕಪ್ಪು, ಒಂದು ಬೂದು. ಬೆಲೆ ಹೆಚ್ಚುಕಮ್ಮಿ ಒಂದೇ. ಕಪ್ಪು ಫೋನಿಗೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟು! ರ‍್ಯಾಮೂ ಜಾಸ್ತಿ. ಕಣ್ಣುಮುಚ್ಚಿ ಅದನ್ನೇ ತಗೋಬಹುದು."

"ಕಣ್ಣುಮುಚ್ಚಿ ಬಣ್ಣ ಹಾಕಕ್ಕಾಗತ್ತೇನೋ?" ಎಂದೆ ನಾನು.

ಅಷ್ಟರಲ್ಲಿ ನನ್ನ ಮಗಳು ಬಂದಳು. ಅವಳು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುವವಳು, ಮುದ್ರಣಕ್ಕೆ ಹೋಗುವ ಚಿತ್ರಗಳ ಬಣ್ಣ ತಿದ್ದುವುದು ಅವಳ ಕೆಲಸ. ಅತ್ತಿಗೆಯ ಮುಖ ನೋಡಿದವಳೇ ಪರದೆಯ ಸಂಗತಿ ಪೂರ್ತಿ ಕೇಳಿಸಿಕೊಂಡಳು.

"ಅತ್ತಿಗೆ, ಕಣ್ಣಿಗೇನೂ ಆಗಿಲ್ಲ ನಿಮಗೆ" ಎಂದಳು. "ತಪ್ಪು ಎರಡು ಕಡೆ ಆಗಿರಬಹುದು. ಫೋಟೋ ತೆಗೆದ ಫೋನು ಬಣ್ಣ ಏರಿಸಿರಬಹುದು. ಅದನ್ನ ತೋರಿಸಿದ ನಿಮ್ಮ ಫೋನು ಇನ್ನೊಂದಿಷ್ಟು ಏರಿಸಿರಬಹುದು. ಫೋನಿನ ಕ್ಯಾಮೆರಾ, ಪರದೆ, ಬ್ಯಾಟರಿ, ಇವೆಲ್ಲ ಕೈಗೆ ಸಿಗೋ ಸಾಮಾನು, ಹಾರ್ಡ್‌ವೇರ್. ಆ ಸಾಮಾನಿನ ಕೈಲಿ ಕೆಲಸ ಮಾಡಿಸೋದು ಸಾಫ್ಟ್‌ವೇರ್. ಚಿತ್ರ ಚೆಂದ ಕಾಣಲಿ ಅಂತ ಆಕಾಶಾನ ಇನ್ನೂ ನೀಲಿ ಮಾಡೋದು, ಕೆಂಪನ್ನ ಇನ್ನೂ ಕೆಂಪು ಮಾಡೋದು ಎಲ್ಲ ಅದರದ್ದೇ ಕೆಲಸ."

"ಸುಮ್ನಿರೇ" ಎಂದ ಮಗ. "ಸಾಮಾನು ಗಟ್ಟಿಯಿದ್ರೆ ಎಲ್ಲ ಸರಿ ಇರತ್ತೆ. ನಾಲ್ಕು ಪಟ್ಟು ಮೆಗಾಪಿಕ್ಸೆಲ್ ಅಂದ್ರೆ ತಮಾಷೆನಾ?"

"ಅಣ್ಣ, ಮೆಗಾಪಿಕ್ಸೆಲ್ ಅಂದ್ರೆ ಚಿತ್ರದಲ್ಲಿ ಎಷ್ಟು ಚುಕ್ಕಿ ಅಂತ. ಚುಕ್ಕಿ ಲೆಕ್ಕ ಹೇಳತ್ತೆ, ಚುಕ್ಕಿ ಬಣ್ಣ ಸರಿ ಇದೆಯಾ ಅಂತ ಹೇಳಲ್ಲ. ಸರಿ, ಒಂದು ಮಾತು ಕೇಳ್ತೀನಿ. ನಿನ್ನ ಹತ್ರ ಮೋಟಾರು ಕೇಳ್ಕೊಂಡು ಬಂದವರಿಗೆ ನೀನು ಮೊದಲು ಏನು ಕೇಳ್ತೀಯ?"

"ಬಾವಿ ಎಷ್ಟು ಆಳ, ನೀರು ಎಷ್ಟಿದೆ, ಎಲ್ಲಿಗೆ ಏರಿಸಬೇಕು ಅಂತ."

"ದೊಡ್ಡ ಎಚ್‌ಪಿದು ಹಾಕ್ಕೊಳ್ಳಿ ಅಂತ ಕಣ್ಣುಮುಚ್ಚಿ ಕೊಡಲ್ವಾ?"

ಮಗ ತಲೆ ಕೆರೆದುಕೊಂಡ. "ಅದು ಬೇರೆ" ಎಂದ. ಸೋತಾಗಲೆಲ್ಲ ಅವನು ಹೇಳುವುದು ಹೀಗೆಯೇ.

ನಾಲ್ವರೂ ಅಂಗಡಿಗೆ ಹೋದೆವು. ಹೊರಡುವಾಗ ಸೊಸೆ ಒಂದು ತುಂಡು ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡಳು. ಅವಳೇ ಬಣ್ಣ ಹಾಕಿದ್ದು, ಇಟ್ಟಿಗೆ ಕೆಂಪಿಗೆ ಹತ್ತಿರದ್ದು.

ಅಂಗಡಿಯ ಹುಡುಗಿ ಕಪ್ಪು ಫೋನು ತೆಗೆದು ತೋರಿಸಿದಳು. ಅಬ್ಬಬ್ಬಾ, ಅದರಲ್ಲಿ ಓಡುತ್ತಿದ್ದ ಗಿಳಿಗಳ ವಿಡಿಯೋ ನೋಡಬೇಕಿತ್ತು! ನನಗೇ ಆಸೆಯಾಯಿತು. ಮಗನಂತೂ ಜೇಬಿಗೆ ಕೈಹಾಕಿಯೇ ಬಿಟ್ಟ.

"ತಡಿರೀ" ಎಂದಳು ಸೊಸೆ. ಬಟ್ಟೆಯ ತುಂಡನ್ನು ಗಾಜಿನ ಮೇಜಿನ ಮೇಲೆ ಹರಡಿದಳು. ನನ್ನ ಮಗಳು ಅದನ್ನೆತ್ತಿಕೊಂಡು ಬಾಗಿಲ ಬಳಿಗೆ ಹೋದಳು. "ಅಂಗಡಿ ದೀಪದ ಕೆಳಗೆ ಬೇಡ, ಹಗಲು ಬೆಳಕಲ್ಲಿ ನೋಡೋಣ" ಎಂದಳು. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಎರಡೂ ಫೋನಿನಿಂದ ಆ ತುಂಡಿನ ಫೋಟೋ ತೆಗೆದರು.

ಕಪ್ಪು ಫೋನಿನಲ್ಲಿ ಬಟ್ಟೆ ಹೊಳೆಯುತ್ತಿತ್ತು. "ನೋಡು, ಹೇಗಿದೆ!" ಎಂದ ಮಗ.

ಸೊಸೆ ತುಂಡನ್ನು ಫೋನಿನ ಪರದೆಯ ಪಕ್ಕ ಹಿಡಿದಳು. "ತುಂಬ ಚೆನ್ನಾಗಿದೆ. ಆದ್ರೆ ಇದು ನನ್ನ ಬಟ್ಟೆ ಅಲ್ಲ" ಎಂದಳು. ಅದೇ ಟೊಮೆಟೊ! ಮಂದಿರದಲ್ಲಿ ನಮ್ಮ ಮಾನ ಕಳೆದ ಟೊಮೆಟೊ!

ಮಗಳು ಸೆಟ್ಟಿಂಗ್ಸ್‌ಗೆ ಹೋಗಿ ಆ ಫೋನಿನ ಪರದೆಯ ಬಣ್ಣವನ್ನು ಸಹಜಕ್ಕೆ ಬದಲಿಸಿದಳು. ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಗೆ ತಿರುಗಿಸುವ ಸೌಲಭ್ಯವೊಂದಿದೆಯಲ್ಲ, ಅದನ್ನೂ ಆರಿಸಿದಳು. ಬಣ್ಣ ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ.

"ಈಗ ಪರದೆ ತೋರಿಸೋದು ಸರಿಯಾಗಿದೆ, ಕ್ಯಾಮೆರಾ ತೆಗೆಯೋದೇ ಸರಿಯಿಲ್ಲ ಅನ್ಸತ್ತೆ" ಎಂದಳು ಮಗಳು. "ಎರಡು ಫೋಟೋನೂ ನನ್ನ ಫೋನಿಗೆ ಕಳಿಸಿ, ಒಂದೇ ಪರದೆ ಮೇಲೆ ನೋಡೋಣ."

ಅಂಗಡಿಯ ಹುಡುಗಿ ತಾನೇ ಕಳಿಸಿಕೊಟ್ಟಳು. ಅವಳಿಗೂ ಕುತೂಹಲ ಹತ್ತಿತ್ತು. ಮಗಳ ಫೋನಿನಲ್ಲಿ ಎರಡನ್ನೂ ನೋಡಿದೆವು. ಕಪ್ಪು ಫೋನಿನ ಚಿತ್ರ ಅಲ್ಲಿಯೂ ಕೆಂಪೇರಿಕೊಂಡಿತ್ತು. ಬೂದು ಫೋನಿನದು ಸಪ್ಪೆ. ಸೊಸೆ ತುಂಡನ್ನು ಆ ಸಪ್ಪೆ ಚಿತ್ರದ ಪಕ್ಕ ಹಿಡಿದಳು. ಹಿಡಿದುಕೊಂಡೇ ನಿಂತಳು. ನಾನು ಅವಳ ಮುಖ ನೋಡುತ್ತಿದ್ದೆ, ಬಟ್ಟೆಯನ್ನಲ್ಲ. ಎಷ್ಟೋ ದಿನಗಳ ಮೇಲೆ ಆ ಮುಖ ಅರಳಿತ್ತು.

"ಇದು" ಎಂದಳು. "ಇದು ನನ್ನ ಬಟ್ಟೆ."

ಬೂದು ಫೋನಿನ ಪರದೆಯ ಮೇಲೂ ಅದು ಹಾಗೇ ಹೊಂದಿತು. ಮಗ ಇನ್ನೂ ಬಿಡಲೊಲ್ಲ. "ಆದ್ರೂ ಕಪ್ಪಿನದು ವೇಗ ಜಾಸ್ತಿ ಕಣೆ, ಪ್ರೊಸೆಸರ್ ಹೊಸದು" ಎಂದ.

"ಎರಡೂ ಮೇಲಿನ ದರ್ಜೆಯವೇ ಅಣ್ಣ. ದಿನದ ಕೆಲಸದಲ್ಲಿ ಆ ವ್ಯತ್ಯಾಸ ಅತ್ತಿಗೆಗೆ ಗೊತ್ತೇ ಆಗಲ್ಲ. ಇಡೀ ದಿನ ಆಟ ಆಡೋರಿಗೋ ದೊಡ್ಡ ವಿಡಿಯೋ ಜೋಡಿಸೋರಿಗೋ ಕಪ್ಪೇ ಒಳ್ಳೇದು. ಇನ್ನೊಂದು ಮುಖ್ಯವಾದದ್ದು ಕೇಳೋಣ. ಸಾಫ್ಟ್‌ವೇರ್ ಅಪ್ಡೇಟು ಎಷ್ಟು ವರ್ಷ ಕೊಡ್ತಾರೆ?"

ಅಂಗಡಿಯ ಹುಡುಗಿ ಎರಡೂ ಕಂಪನಿಯವರು ಹೇಳಿದ್ದನ್ನು ನೋಡಿ ಹೇಳಿದಳು. ಬೂದು ಫೋನಿಗೆ ಏಳು ವರ್ಷ, ಕಪ್ಪಿನದಕ್ಕೆ ನಾಲ್ಕು.

"ಅದು ನಿಂತರೆ ಏನಾಗತ್ತಂತೆ?" ಎಂದು ನಾನೇ ಕೇಳಿದೆ.

"ಫೋನು ಅವತ್ತೇ ಕೆಟ್ಟುಹೋಗಲ್ಲ ಅಮ್ಮ" ಎಂದಳು ಮಗಳು. " ಆದ್ರೆ ಕಳ್ಳರು ನುಗ್ಗೋ ಹೊಸ ಹೊಸ ಸಂದುಗಳನ್ನ ಮುಚ್ಚೋರು ಯಾರೂ ಇರಲ್ಲ. ಬರ್ತಾ ಬರ್ತಾ ಬ್ಯಾಂಕಿನ ಆ್ಯಪು ಕೂಡ ತಕರಾರು ತೆಗೀಬಹುದು. ಸಾಮಾನು ಗಟ್ಟಿಮುಟ್ಟಾಗೇ ಇರತ್ತೆ, ಆದ್ರೂ ಪಕ್ಕಕ್ಕೆ ಇಡಬೇಕಾಗತ್ತೆ."

ಮಗ ಬೂದು ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಬಿಡಿಭಾಗ ಸಿಗದೇ ಇರೋ ಮೋಟಾರಿನ ಹಾಗೆ" ಎಂದು ಗೊಣಗಿದ. "ನಾನೇ ಎಷ್ಟು ಜನಕ್ಕೆ ಬೇಡ ಅಂದಿದೀನಿ." ಆಮೇಲೆ ಅಂಗಡಿಯ ಹುಡುಗಿಯನ್ನು ಕೇಳಿದ: "ರಿಪೇರಿ ಇದೇ ಊರಲ್ಲಿ ಆಗತ್ತಾ? ಇದು ನೀರಿಗೆ ಬಿದ್ರೆ ಏನೂ ಆಗಲ್ವಾ?"

"ರಿಪೇರಿ ಹಿಂದಿನ ಬೀದಿಯಲ್ಲೇ ಆಗತ್ತೆ ಸಾರ್. ನೀರೂ ತಡೆಯತ್ತೆ, ಆದ್ರೆ ತಣ್ಣೀರು, ಒಳ್ಳೆ ನೀರು ಮಾತ್ರ."

"ಬಣ್ಣದ ಹಂಡೆ?"

ಹುಡುಗಿ ನಮ್ಮನ್ನೆಲ್ಲ ಒಮ್ಮೆ ನೋಡಿ, "ಅದಕ್ಕೆ ಯಾವ ಕಂಪನಿನೂ ಗ್ಯಾರಂಟಿ ಕೊಡಲ್ಲ ಸಾರ್" ಎಂದಳು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಬೂದು ಫೋನು ಮನೆಗೆ ಬಂತು. ಮಗನೇ ಅದನ್ನು ಹಿಡಿದುಕೊಂಡು ಬಂದ, ಅವನೇ ಆರಿಸಿದವನ ಹಾಗೆ.

ಈ ಸಲ ಸೊಸೆ ಯಾರ ಫೋಟೋಗೂ ಕಾಯಲಿಲ್ಲ. ತಾನೇ ಮಂದಿರಕ್ಕೆ ಹೋಗಿ, ಪರದೆಯನ್ನು ಕಿಟಕಿಯ ಬೆಳಕಿಗೆ ಸರಿಸಿ, ಅದರ ಪಕ್ಕ, ಬಿಳಿ ಬಿಳಿಯಾಗಿಯೇ ಬರುತ್ತದೋ ನೋಡಲು ಒಂದು ಬಿಳಿ ಕಾಗದ ಮತ್ತು ಅಂಗಡಿಗೆ ಒಯ್ದಿದ್ದ ತನ್ನ ಆ ಬಟ್ಟೆ ತುಂಡನ್ನು ಇಟ್ಟು ಫೋಟೋ ತೆಗೆದಳು. ಮನೆಗೆ ಬಂದ ಮೇಲೆ ಚಿತ್ರದೊಳಗಿನ ತುಂಡನ್ನೂ ಕೈಯಲ್ಲಿನ ತುಂಡನ್ನೂ ಹೋಲಿಸಿದಳು. ಅವೆರಡೂ ಹೊಂದಿದರೆ ಫೋಟೋ ಸುಳ್ಳು ಹೇಳುತ್ತಿಲ್ಲ ಎಂದರ್ಥ. ಅಷ್ಟಾದರೂ ಫೋಟೋ ಒಂದನ್ನೇ ನಂಬಿ ಕೂರಲಿಲ್ಲ. ಮೊದಲು ಅಂಗೈಯಗಲದ ಬಟ್ಟೆಗೆ ಬಣ್ಣ ಹಾಕಿ, ಅದನ್ನು ತೆಗೆದುಕೊಂಡು ಹೋಗಿ ಪರದೆಯ ಮೇಲಿಟ್ಟು ನೋಡಿ ಬಂದಳು. ಆಮೇಲೆ ಹಂಡೆಗೆ ಪೂರ್ತಿ ಪಟ್ಟಿ ಇಳಿಯಿತು.

ತೂಗುಹಾಕುವ ದಿನ ಮನೆಮಂದಿಯೆಲ್ಲ ಹೋದೆವು. ಮಂದಿರದವರು ಪರದೆ ಎಳೆದರು, ದೀಪ ಹಾಕಿದರು. ಮೇಲ್ವಿಚಾರಕಿ ಕೈಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆದರು, ತಿರುಗಿ ಮತ್ತೆ ಆ ತುದಿಗೆ ಹೋದರು.

"ಎಲ್ರೀ?" ಎಂದರು. "ಹೊಸ ಪಟ್ಟಿ ಇನ್ನೂ ಹಾಕಿಲ್ವಾ?"

ಸೊಸೆ ಮೆಟ್ಟಿಲು ಹತ್ತಿ ಹೋಗಿ ಪರದೆಯ ನಡುವೆ ಒಂದು ಕಡೆ ಕೈಯಿಟ್ಟಳು. ಮೇಲ್ವಿಚಾರಕಿ ಹತ್ತಿರ ಹೋಗಿ, ಬಗ್ಗಿ, ಹೊಲಿಗೆ ಮುಟ್ಟಿ ನೋಡಿದರು. "ನಿಮ್ಮ ಕಣ್ಣಿಗೆ ಸಾಟಿಯಿಲ್ಲ ಕಣಮ್ಮಾ" ಎಂದರು. ಅಲ್ಲಿಯತನಕ ಗಟ್ಟಿಯಾಗಿದ್ದ ನನ್ನ ಸೊಸೆ ಆ ಪರದೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ನಮ್ಮ ಒಲೆ ಉರಿಯುತ್ತಲೇ ಇದೆ. ಹೊಸ ಫೋನನ್ನು ಹಗ್ಗಕ್ಕೆ ನೇತುಹಾಕಲು ಮಾತ್ರ ನಾನು ಬಿಟ್ಟಿಲ್ಲ, ಅದರ ಜಾಗ ಕಿಟಕಿಯ ಕಟ್ಟೆ.

ಕೇಳಿ ಅಕ್ಕಂದಿರೇ, ಅಣ್ಣಂದಿರೇ. ನೀವೂ ಒಂದು ದಿನ ದೊಡ್ಡ ಫೋನು ಕೊಳ್ಳಲು ಹೋಗುತ್ತೀರಿ. ಎರಡು ಫೋನು ಎದುರಿಗಿಟ್ಟು ದೊಡ್ಡ ದೊಡ್ಡ ನಂಬರ್ ಹೇಳುತ್ತಾರೆ. ನಂಬರು ಸುಳ್ಳಲ್ಲ, ಆದರೆ ಅದರಲ್ಲಿ ನಿಮ್ಮ ಕೆಲಸಕ್ಕೆ ಬೇಕಾದದ್ದು ಎಷ್ಟು ಎಂದು ನೋಡಿ. ಒಳಗಿನ ಸಾಫ್ಟ್‌ವೇರ್ ಏನು ಮಾಡುತ್ತದೆ, ಎಷ್ಟು ವರ್ಷ ಅಪ್ಡೇಟು ಬರುತ್ತದೆ, ಕೆಟ್ಟರೆ ಎಲ್ಲಿ ರಿಪೇರಿ ಎಂದು ನಾಚಿಕೆಪಡದೆ ಕೇಳಿ. ನೀವು ಹೊಲಿಯುವವರಾದರೆ ಒಂದು ತುಂಡು ಬಟ್ಟೆ, ಹೂ ಬೆಳೆಯುವವರಾದರೆ ಒಂದು ಹೂವು, ಮರಗೆಲಸದವರಾದರೆ ಒಂದು ಹಲಗೆ ಚೂರು, ನಿಮ್ಮ ಕೆಲಸದ್ದೇ ಏನಾದರೂ ಒಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಪರೀಕ್ಷೆ ಮಾಡಿ. ಫೋಟೋ ಮತ್ತು ಕೈಯಲ್ಲಿರುವುದು ಎರಡೂ ಹೊಂದದಿದ್ದರೆ ನಿಮ್ಮ ಕಣ್ಣನ್ನು ಬೈದುಕೊಳ್ಳಬೇಡಿ. ಮೊದಲು ಆ ಫೋನನ್ನು ಅನುಮಾನಿಸಿ.