ಅಡ್ಡ ಜೇಬು

ಅಂಗಡಿಯ ಗಾಜಿನೊಳಗೆ ನಿಂತಿದ್ದ ಗೊಂಬೆಯ ಕೋಟಿಗೆ ಛತ್ರಿ ಬಟ್ಟೆಯ ತೋಳುಗಳಿದ್ದವು. ಅದನ್ನು ಮೊದಲು ಕಂಡವಳು ಚಿಂದಿ. ಅವಳು ರಸ್ತೆಯ ನಡುವೆಯೇ ನಿಂತುಬಿಟ್ಟಳು. ಉಳಿದವರು ಒಬ್ಬೊಬ್ಬರಾಗಿ ಬಂದು ಅವಳ ಹಿಂದೆ ಗುಂಪುಗೂಡಿದರು. ಎಲ್ಲರಿಗಿಂತ ಹಿಂದೆ ಪಿಸು ನಿಂತಿದ್ದಳು.

ಛತ್ರಿ ತೋಳು ಚಿಂದಿಯ ತಲೆಯಲ್ಲಿ ಹುಟ್ಟಿದ್ದು. ಗಾಳಿಗೆ ಮುರಿದು ಬೀದಿಬದಿಯಲ್ಲಿ ಬಿದ್ದ ಛತ್ರಿಗಳನ್ನು ಆಯ್ದು ತಂದು, ಕಡ್ಡಿ ಕಿತ್ತು, ಬಟ್ಟೆಯನ್ನು ಹಳೆಯ ಕೋಟುಗಳಿಗೆ ತೋಳಾಗಿ ಹೊಲಿಯುತ್ತಿದ್ದಳು. ಕಡ್ಡಿ ಸಿಕ್ಕಿಸಿದ್ದ ತೂತುಗಳು ಹಾಗೇ ಉಳಿಯುತ್ತಿದ್ದವು. ಗಾಜಿನೊಳಗಿನ ಬಟ್ಟೆಯಾದರೋ ಹೊಚ್ಚಹೊಸದು. ಆದರೂ ಅದಕ್ಕೆ ಸಾಲಾಗಿ ತೂತು ಹೊಡೆದಿದ್ದರು.

"ತೂತನ್ನೂ ಬಿಟ್ಟಿಲ್ಲ ನೋಡು, ಕಳ್ಳರು!" ಎಂದ ಗೂಬೆ. ಕಣ್ಣಿನ ಸುತ್ತ ದಪ್ಪಗೆ ಕಪ್ಪು ಬಳಿದುಕೊಳ್ಳುತ್ತಿದ್ದುದರಿಂದ ಅವನಿಗೆ ಆ ಹೆಸರು. "ಮುಂದೆ ನಮ್ಮ ಹರಕು ಚಡ್ಡಿಗೂ ಬೆಲೆ ಚೀಟಿ ಅಂಟಿಸ್ತಾರೆ."

ಚಿಂದಿ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದಳು: "ಅಂಗಡಿಯವರೇನೂ ನಮ್ಮ ಮಾಳಿಗೆ ಹತ್ತಿ ಬಂದು ನೋಡಿಲ್ಲ. ನಮ್ಮಲ್ಲೇ ಯಾರೋ ತೋರಿಸಿದಾರೆ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿಸು ಮಾತ್ರ ತನ್ನ ಷೂ ದಾರ ನೋಡಿಕೊಂಡಳು. ತೋರಿಸಿದವಳು ಅವಳೇ.

ಅದೇ ಅವಳ ಕೆಲಸ. ಶಾಲೆಯನ್ನು ಅರ್ಧಕ್ಕೇ ಬಿಟ್ಟು, ದರ್ಜಿ ಅಂಗಡಿಯೊಂದರ ಮೂಲೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದ ಹುಡುಗಿ ಅವಳು. ಪ್ಯಾಂಟಿನ ಉದ್ದ ಸರಿಮಾಡಿಸಲು ಬಂದಿದ್ದ ಹೆಂಗಸೊಬ್ಬಳು, ಹೊತ್ತು ಹೋಗಲೆಂದು, ಈಗಿನ ಹುಡುಗರು ಏನು ಹೊಲಿಸುತ್ತಾರೆ ಎಂದು ದರ್ಜಿಯನ್ನು ಕೇಳಿದಳು. ದರ್ಜಿ ತಲೆ ಕೆರೆದುಕೊಂಡ. ಮೂಲೆಯಿಂದ ಸಣ್ಣ ದನಿಯೊಂದು, ಹುಡುಗರು ಈಚೆಗೆ ಪ್ಯಾಂಟನ್ನು ಮೋಟು ಮಾಡಿಸುತ್ತಿದ್ದಾರೆ, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿರುತ್ತಾರೆ, ಅದು ಕಾಣಲಿ ಅಂತ, ಎಂದಿತು. ಆ ಹೆಂಗಸೇ ಈಗಿನ ಮೇಡಂ. ಮೂರನೇ ಮಹಡಿಯಲ್ಲಿ ಅವರ ಆಫೀಸು. ಗೋಡೆಯ ತುಂಬ ಪಿನ್ನು ಚುಚ್ಚಿದ ಫೋಟೋಗಳು: ಬೋಳು ತಲೆ, ಹಚ್ಚೆ, ಹರಿದ ಮಂಡಿ, ಬಣ್ಣದ ಹುಬ್ಬು. ಯಾರಿಗೂ ಬೇಡವಾಗಿ ಮೂಲೆ ಹಿಡಿದು ಕೂರುವ ಹುಡುಗ ಹುಡುಗಿಯರು ಇವತ್ತು ಏನು ತೊಡುತ್ತಾರೋ, ಮುಂದಿನ ವರ್ಷ ಎಲ್ಲರೂ ಅದನ್ನೇ ತೊಡುತ್ತಾರೆ ಎಂಬುದು ಮೇಡಂ ನಂಬಿಕೆ. ಬಟ್ಟೆ ಕಂಪನಿಗಳಿಗೆ ಅವರು ಮಾರುತ್ತಿದ್ದುದೂ ಅದನ್ನೇ. ಅಂಥವರ ನಡುವೆ ಹೋಗಿ ಕೂರುವುದು, ನೋಡುವುದು, ಫೋಟೋ ಕಳಿಸುವುದು, ಇಷ್ಟೇ ಕೆಲಸ. ಹೆಸರು ಟ್ರೆಂಡ್ ಸ್ಪಾಟರ್.

"ಅಂದ್ರೆ ಊರವರ ಬಟ್ಟೆ ನೋಡ್ಕೊಂಡು ಕೂತ್ರೆ ಸಂಬಳ ಕೊಡ್ತಾರಾ?" ಎಂದು ಮನೆಯಲ್ಲಿ ಪಿಸುವಿನ ಅತ್ತಿಗೆ ಬಾಯಿ ಬಿಟ್ಟಿದ್ದಳು. "ಮದುವೆಯಾದಾಗಿಂದ ಕಿಟಕೀಲಿ ನಿಂತು ನಾನು ಪುಕ್ಕಟೆ ಮಾಡ್ತಾ ಇರೋದೂ ಅದನ್ನೇ ಅಲ್ವಾ!"

ವಾಹನ ನಿಲ್ಲಿಸುವ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ಈ ಗುಂಪು ಸೇರುತ್ತಿತ್ತು. ಮೊದಲ ದಿನ ಯಾರೂ ಪಿಸುವಿನ ಪೂರ್ವಾಪರ ಕೇಳಲಿಲ್ಲ. ಚಿಂದಿ ಮಾತ್ರ ಸೂಜಿಯನ್ನೂ ಹಳೆಯ ಕೋಟೊಂದನ್ನೂ ಕೈಗಿತ್ತು, "ಸುಮ್ನೆ ಕೂರೋದಾದ್ರೆ ಇದನ್ನ ಹೊಲಿ" ಎಂದಳು. ಕಾಜಾ ಮುಗಿದಾಗ ಅದನ್ನು ಬೆಳಕಿಗೆ ಹಿಡಿದು, "ಅಮ್ಮಾ ತಾಯೀ, ಇದು ಕೈಯೋ ಮಿಷನ್ನೋ!" ಎಂದು ಕೂಗಿದಳು. ಮಾತಾಡಿದರೆ ಪಕ್ಕದವರಿಗೂ ಕೇಳಿಸದ ಕಾರಣ ಇವಳಿಗೆ ಪಿಸು ಎಂದು ಹೆಸರಿಟ್ಟವಳೂ ಅವಳೇ. ಪಿಸುವಿನ ಬಾಳಿನಲ್ಲಿ ಪಕ್ಕಕ್ಕೆ ಬಂದು ಕೂತ ಮೊದಲ ಗೆಳತಿ ಚಿಂದಿ. ಈಗ ಸಿಕ್ಕಿಬಿದ್ದರೆ ಹೋಗುವುದು ಅವಳ ಪಕ್ಕದ ಆ ಜಾಗ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಚಿಂದಿ ಸಿಗುವುದಿಲ್ಲ.

ಮೇಡಂ ಹಿಂದೊಮ್ಮೆ ಹೇಳಿದ್ದ ಮಾತು ಅವತ್ತಿನಿಂದ ಅವಳ ತಲೆಯಲ್ಲಿ ಗುಂಯ್‌ಗುಡತೊಡಗಿತು. ಇದೇ ಕೆಲಸದ ಹುಡುಗನೊಬ್ಬ ಬೇರೆ ಗುಂಪಿನಲ್ಲಿ ಸಿಕ್ಕಿಬಿದ್ದು ಒದೆ ತಿಂದಿದ್ದನಂತೆ. "ಅವರೇನು ದಡ್ಡರಲ್ಲ ಕಣೇ. ಅನುಮಾನ ಬಂದ್ರೆ ಒಬ್ಬೊಬ್ರಿಗೂ ಬೇರೆ ಬೇರೆ ಹೊಸ ಉಡುಪು ತೋರಿಸ್ತಾರೆ. ನಿನಗೊಬ್ಬಳಿಗೇ ತೋರಿಸ್ತಿರೋದು ಅಂತಾರೆ. ಆಮೇಲೆ ಅಂಗಡಿ ಮುಂದೆ ಕಾಯ್ತಾರೆ. ಯಾರಿಗೆ ತೋರಿಸಿದ್ದು ಗಾಜಿಗೆ ಬಂತೋ, ಅವರ ಕತೆ ಮುಗೀತು."

ಪಿಸುವಿಗೆ ಆಮೇಲೆ ಕಂಡದ್ದೆಲ್ಲ ಬಲೆಯೇ. ಒಬ್ಬಳು ಕಿವಿಗೆ ಬೀಗದ ಕೈ ಸಿಕ್ಕಿಸಿಕೊಂಡು ಬಂದರೆ, ನನಗೆ ಕಾಣಲೆಂದೇ ಸಿಕ್ಕಿಸಿದ್ದಾಳೆ ಅನಿಸುತ್ತಿತ್ತು. ಇನ್ನೊಬ್ಬ ಒಂದೇ ಷೂಗೆ ದಾರ ಕಟ್ಟಿಕೊಂಡು ಬಂದಾಗ ಸಂಜೆಯಿಡೀ ಓರೆಗಣ್ಣಿನಿಂದ ನೋಡಿದಳು. ಇನ್ನೊಂದು ಷೂವಿನ ದಾರ ಕಿತ್ತುಹೋಗಿತ್ತು, ಅಷ್ಟೇ. ಅವಳು ಒಂದು ಫೋಟೋವನ್ನೂ ಕಳಿಸಲಿಲ್ಲ.

ಮೇಡಂಗೂ ಸಂಶಯ ಹತ್ತಿತು. ಆಫೀಸಿಗೆ ಕರೆಸಿ, ಕನ್ನಡಕ ಹಣೆಗೇರಿಸಿ ಕೇಳಿದರು: "ಅಲ್ಲಿ ಏನೂ ಇಲ್ಲ ಅಂದ್ರೆ ನಂಬ್ಲಾ? ಬೇರೆ ಕಂಪನಿಗೆ ಮಾರ್ತಾ ಇದ್ದೀಯಾ, ನಿಜ ಹೇಳು."

"ಇಲ್ಲ ಮೇಡಂ."

"ಹಾಗಾದ್ರೆ ಈ ತಿಂಗಳೊಳಗೆ ಏನಾದ್ರೂ ಬರ್ಲಿ. ಇಲ್ಲಾಂದ್ರೆ ಆ ಮಾಳಿಗೆಗೆ ಬೇರೆಯವರನ್ನ ಕಳಿಸ್ತೀನಿ. ಚಿಂದಿ ಅನ್ನೋ ಆ ಹುಡುಗಿ ಚಿನ್ನದ ಗಣಿ."

ಮನೆಯಲ್ಲಿ ಅತ್ತಿಗೆಯ ಸಂಶಯ ಬೇರೆಯೇ ದಾರಿ ಹಿಡಿದಿತ್ತು. "ಊಟ ಸೇರಲ್ಲ, ಕರೆದ್ರೆ ಬೆಚ್ಚಿಬೀಳ್ತೀಯ. ಯಾರವನು? ನಿಮ್ಮಣ್ಣಂಗೆ ಹೇಳಲ್ಲ, ನನಗೆ ಹೇಳು."

"ಯಾರೂ ಇಲ್ಲ ಅತ್ತಿಗೆ."

"ಯಾರೂ ಇಲ್ಲದೋರು ಹೀಗೆ ಸೊರಗಲ್ಲಮ್ಮ."

ಹೀಗಿರುವಾಗ ಒಂದು ಸಂಜೆ ಚಿಂದಿ ಅವಳನ್ನು ನೀರಿನ ತೊಟ್ಟಿಯ ಮರೆಗೆ ಕರೆದುಕೊಂಡು ಹೋದಳು. ಚೀಲದಿಂದ ಬೂದು ಬಣ್ಣದ ಕೋಟೊಂದನ್ನು ತೆಗೆದಳು. ಅದರ ಕಾಲರ್ ಮೂಗಿನವರೆಗೆ ಏರುವಷ್ಟು ಎತ್ತರ. ಒಳಮೈಗೆ ಹಳೆಯ ಕುರ್ಚಿಯಿಂದ ಬಿಚ್ಚಿದ ಮಖಮಲ್ಲು.

"ಮಾತಾಡೋಕೆ ಇಷ್ಟ ಇಲ್ದಾಗ ಇದನ್ನ ಮೇಲಕ್ಕೆ ಎಳ್ಕೊಂಡ್ಬಿಡು. ಯಾರೂ ಏನೂ ಕೇಳಲ್ಲ," ಎಂದಳು ಚಿಂದಿ. "ನಿನಗೊಬ್ಬಳಿಗೇ ಹೊಲಿದಿದ್ದು. ಯಾರಿಗೂ ತೋರಿಸ್ಬೇಡ, ನಂಗೂ ಬೇಕು ಅಂತ ಪ್ರಾಣ ತಿಂತಾರೆ."

ನಿನಗೊಬ್ಬಳಿಗೇ. ಮೇಡಂ ಹೇಳಿದ್ದ ಅದೇ ಮಾತು. ಪಿಸು ಕೋಟು ತೊಟ್ಟಳು. ಮಖಮಲ್ಲು ಕೆನ್ನೆಗೆ ಮೆತ್ತಗೆ ತಾಗುತ್ತಿತ್ತು. ಚಿಂದಿ ಇವಳ ಮುಖವನ್ನೇ ನೋಡುತ್ತಿದ್ದಳು. ಕೊಟ್ಟದ್ದು ಹಿಡಿಸಿತೋ ಇಲ್ಲವೋ ಎಂದು ಕಾಯುವವರೂ ಹಾಗೆ ನೋಡುತ್ತಾರೆ ಎಂಬುದು ಪಿಸುವಿಗೆ ಹೊಳೆಯಲಿಲ್ಲ. ಅವಳು ಕಾಲರನ್ನು ಮೂಗಿನವರೆಗೆ ಎಳೆದುಕೊಂಡಳು. ಚಿಂದಿ ಚಪ್ಪಾಳೆ ತಟ್ಟಿದಳು.

ಮನೆಯಲ್ಲಿ ಅತ್ತಿಗೆ ಆ ಕೋಟನ್ನು ಒಳಗು ಹೊರಗು ತಿರುಗಿಸಿ ನೋಡಿ, "ಇದನ್ನ ಹೊಲಿದೋರು ನಿನ್ನ ಮೇಲೆ ಪ್ರಾಣ ಇಟ್ಟಿರ್ತಾರೆ ಬಿಡು" ಎಂದಳು. ಅತ್ತಿಗೆಗೆ ಎಲ್ಲದರಲ್ಲೂ ಪ್ರೇಮವೇ ಕಾಣುವುದು ಎಂದುಕೊಂಡ ಪಿಸು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇದನ್ನಂತೂ ಕಳಿಸುವಂತಿಲ್ಲ. ಹಾಗಾದರೆ ಚಿಂದಿ ಬೇರೆಯವರಿಗೆ ಏನು ಕೊಟ್ಟಿದ್ದಾಳೆ? ಗುಂಪಿಗೆ ಇವಳಿಗಿಂತ ಈಚೆಗೆ ಸೇರಿದವನು ಗೂಬೆ ಒಬ್ಬನೇ. ಕಳ್ಳರೆಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ಮರುದಿನ ಕಂಬದ ಪಕ್ಕ ಒಬ್ಬನೇ ಕೂತಿದ್ದಾಗ ಹೋಗಿ ಕೇಳಿದಳು: "ಚಿಂದಿ ನಿಂಗೂ ಏನಾದ್ರೂ ಹೊಲಿದು ಕೊಟ್ಟಿದಾಳಾ?"

ಗೂಬೆ ಅತ್ತಿತ್ತ ನೋಡಿದ. "ನಿಂಗಾದ್ರೆ ತೋರಿಸ್ತೀನಿ. ನೀನು ಯಾರ ಹತ್ರಾನೂ ಬಾಯೇ ಬಿಡಲ್ವಲ್ಲ."

ಚೀಲದಿಂದ ಕಪ್ಪು ಕೋಟು ತೆಗೆದು ತೊಟ್ಟ. ಜೇಬುಗಳು ಸೊಂಟದ ಬಳಿ ಇರಲಿಲ್ಲ, ಎದೆಯ ಮೇಲೆ ಅಡ್ಡಡ್ಡವಾಗಿ ಇದ್ದವು. ಬಲಗೈ ಎಡಜೇಬಿಗೆ, ಎಡಗೈ ಬಲಜೇಬಿಗೆ. ಜೇಬಿಗೆ ಕೈ ಇಳಿಸಿ ನಿಂತಾಗ ಅವನು ನಿಜಕ್ಕೂ ರೆಕ್ಕೆ ಮಡಚಿದ ಹಕ್ಕಿಯಂತೆ ಕಂಡ.

"ಯಾರಾದ್ರೂ ನೋಡ್ತಿದ್ರೆ ನನ್ನ ಕೈ ನಡುಗುತ್ತೆ ಪಿಸು. ಒಂದು ಕಡೆ ಕೆಲಸ ಕೇಳೋಕೆ ಹೋಗಿದ್ದೆ. ನೀರು ಕೊಟ್ರು. ಅವರ ಮೇಜೆಲ್ಲ ಒದ್ದೆ! ಹೀಗೆ ಇಟ್ಕೊಂಡ್ರೆ ನಡುಗಲ್ಲ, ನೋಡು." ಅವನ ದನಿ ತಗ್ಗಿತು. "ನನಗೊಬ್ಬನಿಗೇ ಅಂತ ಹೊಲಿದಿದಾಳೆ."

ಅವನಿಗೂ ಅದೇ ಮಾತು! ಪಿಸುವಿನ ಅನುಮಾನ ಗಟ್ಟಿಯಾಯಿತು. ಬಲೆಗೆ ತಕ್ಕ ಕತೆಯನ್ನೂ ಹೆಣೆದು ಕೊಟ್ಟಿದ್ದಾಳೆ, ಬಡಪಾಯಿ ನಂಬಿಬಿಟ್ಟಿದ್ದಾನೆ ಎಂದುಕೊಂಡಳು. ಮರುಗಳಿಗೆಯೇ ಇನ್ನೊಂದು ಯೋಚನೆ ಹಾವಿನಂತೆ ಹೆಡೆ ಎತ್ತಿತು. ಇವನದು ಗಾಜಿಗೆ ಬಂದರೆ ಸಿಕ್ಕಿಬೀಳುವವನು ಇವನು. ತನ್ನ ಮೇಲಿನ ಕಣ್ಣು ತಪ್ಪುತ್ತದೆ, ಮೇಡಂ ಬಾಯಿಯೂ ಮುಚ್ಚುತ್ತದೆ.

"ಒಂದು ಫೋಟೋ ತೆಗೀಲಾ?"

"ತೆಗಿ. ಯಾರಿಗೂ ತೋರಿಸ್ಬೇಡ ಮಾರಾಯ್ತಿ," ಎಂದು ಗೂಬೆ ನಾಚಿಕೊಂಡು ನಿಂತ.

ತಿಂಗಳು ತುಂಬುವ ಹೊತ್ತಿಗೆ ಗಾಜಿನೊಳಗಿನ ಗೊಂಬೆ ಎದೆಯ ಮೇಲೆ ಅಡ್ಡಡ್ಡ ಕೈ ಸೇರಿಸಿ ನಿಂತಿತ್ತು. ಗೂಬೆಯನ್ನು ಎಲ್ಲರೂ ತರಾಟೆಗೆ ತೆಗೆದುಕೊಳ್ಳುತ್ತಿರುತ್ತಾರೆ ಎಂದುಕೊಂಡು, ಆಗ ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ಯೋಚಿಸುತ್ತ ಪಿಸು ಮಾಳಿಗೆ ಹತ್ತಿದಳು. ಅಲ್ಲಿ ಚಿಂದಿ ಒಬ್ಬಳೇ ಇದ್ದಳು. ತಲೆ ಬಗ್ಗಿಸಿ ಏನನ್ನೋ ಹೊಲಿಯುತ್ತಿದ್ದಳು.

"ಗೂಬೆ ಎಲ್ಲಿ?"

"ಮನೇಲಿ. ಇನ್ನು ಆ ಕೋಟು ಹಾಕ್ಕೊಳ್ಳಲ್ವಂತೆ. ಬೀದೀಲಿ ಎಲ್ಲರೂ ಹಾಕ್ಕೊಂಡ್ರೆ, ಎಲ್ಲರ ಕಣ್ಣೂ ಕೈ ಮೇಲೇ ಇರುತ್ತೆ ಅಂದ."

"ಅವನೇ ಕೊಟ್ಟಿರ್ಬಹುದು ಚಿಂದಿ. ಈಚೆಗೆ ಬಂದವನು. ಅವನ ವಿಷಯ ನಮಗೇನು ಗೊತ್ತು?"

ಪಿಸು ಆ ಮಾಳಿಗೆಯಲ್ಲಿ ಆಡಿದ ಅತಿ ಉದ್ದದ ಮಾತು ಅದು. ಚಿಂದಿ ದಾರವನ್ನು ಹಲ್ಲಿನಿಂದ ಕಡಿದಳು.

"ನಿನ್ನ ಹೆಸರು ಬಾಯಿಂದ ಹೊರಡಿಸೋಕೆ ಅವನಿಗೆ ಎಷ್ಟು ಕಷ್ಟ ಆಯ್ತು ಗೊತ್ತಾ? ಅತ್ತುಬಿಟ್ಟ. ನಿನಗೊಬ್ಬಳಿಗೇ ತೋರಿಸಿದ್ದಂತೆ. ಫೋಟೋನೂ ನೀನೇ ತೆಗೆದಿದ್ದಂತೆ."

ಕೆಳಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು.

"ಒಂದು ಕೇಳ್ತೀನಿ," ಎಂದಳು ಚಿಂದಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಪಿಸುವನ್ನು ಹೆದರಿಸಿತು. "ನಿಂಗೆ ಕೊಟ್ಟಿದ್ದನ್ನ ಯಾಕೆ ಕಳಿಸ್ಲಿಲ್ಲ? ಅವನದಕ್ಕಿಂತ ಅದೇ ಚೆನ್ನಾಗಿತ್ತಲ್ಲ."

ನೀನು ಕೊಟ್ಟಿದ್ದು ಅಂತ ಕಳಿಸಲಿಲ್ಲ. ಹಾಗೆಂದುಬಿಟ್ಟಿದ್ದರೆ ಚಿಂದಿ ನಂಬುತ್ತಿದ್ದಳೇನೋ. ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

"ಬಲೆ ಅಂದ್ಕೊಂಡೆ," ಎಂದಳು ಪಿಸು. "ನನ್ನ ಹಿಡಿಯೋಕೆ ನನಗೊಂದು, ಅವನ್ನ ಹಿಡಿಯೋಕೆ ಅವನಿಗೊಂದು."

ಚಿಂದಿ ಹೊಲಿಗೆಯನ್ನು ಪಕ್ಕಕ್ಕಿಟ್ಟಳು.

"ನಿಂಗೆ ಮಾತಾಡೋಕೆ ಕಷ್ಟ, ನಿಂಗೆ ಎತ್ತರದ ಕಾಲರ್. ಅವನಿಗೆ ಕೈ ನಡುಗುತ್ತೆ, ಅವನಿಗೆ ಅಡ್ಡ ಜೇಬು. ಅದಕ್ಕೇ ಬೇರೆ ಬೇರೆ ಹೊಲಿದಿದ್ದು ಕಣೇ. ಇಡೀ ಮಾಳಿಗೇಲಿ ನಾನು ಅನುಮಾನ ಪಡದೇ ಇದ್ದವಳು ನೀನೊಬ್ಬಳೇ."

ಅವಳು ಸೂಜಿ ದಾರ ಸುತ್ತಿಕೊಂಡು ಇಳಿದು ಹೋದಳು.

ಪಿಸು ಕೆಲ ದಿನ ಮನೆಯಿಂದ ಹೊರಬೀಳಲಿಲ್ಲ. ಅತ್ತಿಗೆ, ಅವನು ಕೈಕೊಟ್ಟ ಎಂದೇ ತಿಳಿದು, ಏನೂ ಕೇಳದೆ ತಲೆ ಬಾಚಿಕೊಟ್ಟಳು. ಕಡೆಗೊಂದು ಸಂಜೆ, ಕ್ಷಮೆ ಕೇಳೋಣ, ಈ ಕೆಲಸ ಬಿಡುತ್ತೇನೆಂದು ಎಲ್ಲರೆದುರು ಹೇಳೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡು ಮಾಳಿಗೆಗೆ ಹೋದಳು.

ಎಲ್ಲರೂ ಸಾಲಾಗಿ ಕೂತಿದ್ದರು. ಎಲ್ಲರ ಮೈಮೇಲೂ ಬಿಳಿ ಅಂಗಿ. ಅಗ್ಗದ ಅಂಗಿ, ಎಲ್ಲ ಒಂದೇ ಅಳತೆಯವು. ಕೆಲವರು ಅದರೊಳಗೆ ಮುಳುಗಿದ್ದರು, ಕೆಲವರಿಗೆ ಗುಂಡಿ ಕಿತ್ತುಬರುವಂತಿತ್ತು. ಛತ್ರಿ ತೋಳಿಲ್ಲ, ಬೀಗದ ಕೈಯಿಲ್ಲ. ಗೂಬೆಯ ಕಣ್ಣಿನ ಕಪ್ಪು ತೊಳೆದುಹೋಗಿ ಅವನ ಮುಖ ಯಾರದೋ ಮುಖವಾಗಿತ್ತು. ಅವನ ಕೈಗಳು ಮಂಡಿಯ ಮೇಲೆ ಎಲ್ಲರಿಗೂ ಕಾಣುವಂತೆ ನಡುಗುತ್ತಿದ್ದವು.

"ಬಾ," ಎಂದಳು ಚಿಂದಿ. "ಏನು ಬೇಕೋ ನೋಡ್ಕೊಂಡು ಹೋಗು."

ಕಲಿತುಕೊಂಡು ಬಂದಿದ್ದ ಮಾತುಗಳನ್ನು ಬಿಟ್ಟು ಪಿಸು ನೆಲ ನೋಡಿದಳು. ಆದರೆ ಕಣ್ಣು ಅವಳ ಮಾತು ಕೇಳಲಿಲ್ಲ, ಅದು ತನ್ನ ಕೆಲಸ ತಾನು ಮಾಡುತ್ತಿತ್ತು. ಕತ್ತಿನವರೆಗೆ ಹಾಕಿದ ಗುಂಡಿ. ಎದೆಯ ಮೇಲೆ ಚೌಕ ಚೌಕವಾಗಿ ಉಳಿದ ಪೊಟ್ಟಣದ ಮಡಿಕೆ. ಕಣ್ಣು ಮುಚ್ಚಿಕೊಂಡೇ ಹಿಂತಿರುಗಿ, ಗೋಡೆ ಹಿಡಿದು ಗಾಡಿಗಳ ಇಳಿಜಾರಿನಲ್ಲಿ ಇಳಿದಳು.

ರಸ್ತೆಗೆ ಬರುವಷ್ಟರಲ್ಲಿ ಮೇಡಂ ಫೋನು. "ಅಡ್ಡ ಜೇಬು ಭರ್ಜರಿ ಓಡ್ತಿದೆ ಕಣೇ! ಮುಂದೇನಿದೆ?"

"ಏನೂ ಇಲ್ಲ ಮೇಡಂ. ಅವರಿಗೆ ಗೊತ್ತಾಗೋಯ್ತು. ನಾನು ಬರಲ್ಲ ಇನ್ನು. ಬೇರೆಯವರನ್ನೂ ಕಳಿಸ್ಬೇಡಿ, ಅಲ್ಲಿ ನೋಡೋಕೆ ಏನೂ ಉಳಿದಿಲ್ಲ." ಅವಳ ದನಿ ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು. ಮಾಳಿಗೆಯವರನ್ನು ಇದೊಂದು ಸಲವಾದರೂ ಕಾಪಾಡಬೇಕಿತ್ತು. "ಎಲ್ಲರೂ ಬರೀ ಬಿಳಿ ಅಂಗಿ ಹಾಕ್ಕೊಂಡು ಕೂತಿದಾರೆ. ಪೊಟ್ಟಣದ ಮಡಿಕೆ ಕೂಡ ಹೋಗಿಲ್ಲ."

ಪಿಸು ಫೋನು ಇಡಲು ಹೊರಟಳು.

"ಎಲ್ಲರೂನಾ?" ಎಂದರು ಮೇಡಂ ನಿಧಾನವಾಗಿ. "ಒಂದೇ ಥರದ್ದಾ? ಇಸ್ತ್ರಿ ಮಾಡದೆ, ಮಡಿಕೆ ಹಾಗೇ ಇಟ್ಕೊಂಡಾ?"

ಕುರ್ಚಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.