ನಿಲ್ಲದ ಯಂತ್ರಕ್ಕೆ ಹಂದಿ ತಲೆ

"ಬಗ್ರೋ ಮುಂಡೇವಾ! ನೆಲಕ್ಕೆ ಹಣೆ ತಾಗ್ಬೇಕು! ನಾ ಹೇಳೋಗಂಟ ಒಬ್ರೂ ತಲೆ ಎತ್‌ಬಾರ್ದು!"

ಯಜಮಾನ ಗು ಚನ್‌ಸೋಕ್ ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಅಕ್ಕಿ ಹೆಂಡ ತುಳುಕಿತು. ಅನ್ಸಾನ್ ಊರಾಚೆಯ ಆ ಸೂಪಿನ ಪುಡಿ ಕಾರ್ಖಾನೆಯಲ್ಲಿ ಆಳುಗಳೆಲ್ಲ ಅಡ್ಡಬಿದ್ದದ್ದು ದೇವರಿಗಲ್ಲ, ಪುಡಿ ಕಲೆಸುವ ಯಂತ್ರಕ್ಕೆ. ಅದರ ಮುಂದೆ ಮಣೆಯ ಮೇಲೆ ಬೇಯಿಸಿದ ಹಂದಿ ತಲೆ, ಬಾಯಲ್ಲಿ ನೋಟು ಕಚ್ಚಿಕೊಂಡು ನಗುತ್ತಿತ್ತು. ಶುಭವೆಂದು ಸಂತೆಯೆಲ್ಲ ಸುತ್ತಿ ನಗುವ ತಲೆಯನ್ನೇ ಆರಿಸಿ ತಂದಿದ್ದ ಪುಣ್ಯಾತ್ಮ.

ಹೋದ ವಾರ ಆಳು ಹೆಂಗಸು ಮಾಲ್‌ಜಾಳ ಎರಡು ಬೆರಳು ಆ ಯಂತ್ರದ ಪಾಲಾಗಿದ್ದವು. ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ ಅದರ ಒಂದು ತುದಿಯಲ್ಲಿ ಎಡೆಬಿಡದೆ ಬೀಳುತ್ತವೆ. ಒಳಗಿನ ಕಬ್ಬಿಣದ ಹುಟ್ಟುಗಳು ಕಲೆಸುತ್ತ ಕಲೆಸುತ್ತ ಮುಂದೆ ನೂಕುತ್ತವೆ. ಇನ್ನೊಂದು ತುದಿಯಲ್ಲಿ ಒಂದೇ ಬಣ್ಣದ ಪುಡಿ ಸುರಿಯುತ್ತದೆ. ಯಂತ್ರ ನಡುವೆ ನಿಂತರೆ ಹದ ಕೆಟ್ಟು, ಒಂದು ಪೊಟ್ಟಣ ಬರೀ ಉಪ್ಪು, ಇನ್ನೊಂದು ಬರೀ ಖಾರ. ಮುಚ್ಚಳ ತೆಗೆದರೆ ತಾನಾಗಿ ನಿಲ್ಲುವ ಯಂತ್ರ ಅದು. ಯಜಮಾನ ಆ ಮುಚ್ಚಳವನ್ನೂ ಯಂತ್ರ ನಿಲ್ಲಿಸುವ ಅದರ ತಂತಿಯನ್ನೂ ಕೀಳಿಸಿಹಾಕಿದ್ದ. ಗಂಟುಗಟ್ಟಿದ ಉಪ್ಪನ್ನು ತಿರುಗುವ ಯಂತ್ರದೊಳಗೇ ಕೈಯಿಟ್ಟು ಒಡೆಯಬೇಕು. ಪೂಜೆಗೂ ಅದನ್ನು ನಿಲ್ಲಿಸಿರಲಿಲ್ಲ.

ತಂದಾಗ ಪೂಜೆ ಮಾಡದ್ದಕ್ಕೆ ಯಂತ್ರ ಮುನಿದು ಬೆರಳು ತಿಂದಿತಂತೆ! ಹಾಗಾಗಿ ಕೈಗೆ ಬಟ್ಟೆ ಸುತ್ತಿಕೊಂಡ ಮಾಲ್‌ಜಾಳೇ ಮೊದಲ ಸಾಲಿನಲ್ಲಿ ಬಿದ್ದು ಕ್ಷಮೆ ಕೇಳಬೇಕಾಯಿತು.

ಪೂಜೆ ಮುಗಿದರೆ ಅವಳ ಜಾಗಕ್ಕೆ ಒಕ್‌ಬುನ್. ಹೆಸರು ಕೂಗಿದಾಗ ಎದ್ದು ಹಂದಿಯ ಬಾಯಿಗೆ ನೋಟು ಸಿಕ್ಕಿಸುವ ಶಾಸ್ತ್ರ. ತನ್ನ ಸರದಿ ಬಂದಾಗ ಒಕ್‌ಬುನ್ ಕೇಳಿಯೇಬಿಟ್ಟಳು.

"ಯಜಮಾನ್ರೇ, ಮುಚ್ಳ ಹಾಕ್ಸಿಬುಡಿ. ನಂಗೆ ಹತ್ತು ಬೆರ್ಳೂ ಬೇಕು."

"ಮುಚ್ಳ ಹಾಕುದ್ರೆ ಮಿಷನ್ ನಿಂತ್ ನಿಂತ್ ಹೋಯ್ತದೆ ಕಣೇ ದರಿದ್ರದವ್ಳೆ! ಹಂದಿ ಹೆಂಗ್ ನಗ್ತದೆ ನೋಡು. ಅದುಕ್ಕಿಲ್ದಿರೋ ಭಯ ನಿಂಗ್ಯಾಕೆ?"

"ಅಂಗಾರೆ ಉಪ್ಪಿನ್ ಗಂಟು ಅದೇ ಒಡೀಲಿ ಬುಡಿ."

ಎರಡೂ ಕೈಯಲ್ಲಿ ಹಂದಿಯ ತಲೆಯನ್ನೆತ್ತಿ ಯಂತ್ರದ ತೆರೆದ ಬಾಯಿಗೆ ಹಾಕಿಬಿಟ್ಟಳು. ಪೊಟ್ಟಣದ ಮೇಲೆ ಹಂದಿಯ ಚಿತ್ರ ಅಚ್ಚುಹಾಕಿಸಿ ಇಷ್ಟು ವರ್ಷ ಮಾರಿದ ಪುಡಿಗೆ ನಿಜವಾದ ಹಂದಿ ಬಿದ್ದದ್ದು ಅದೇ ಮೊದಲು. ಹುಟ್ಟುಗಳು ಗಕ್ಕನೆ ಸಿಕ್ಕಿಕೊಂಡವು. ಮೋಟಾರು ನರಳತೊಡಗಿತು.

"ಅಯ್ಯಯ್ಯೋ, ನಿಂತೋಯ್ತಲ್ಲೋ ನನ್ ಮಾಲು!"

ಯಜಮಾನ ಓಡಿಬಂದು, ಭುಜದವರೆಗೂ ಕೈ ಇಳಿಸಿ, ಹಂದಿಯ ಕಿವಿ ಹಿಡಿದು ಜಗ್ಗಿದ. ತಲೆ ಸಡಿಲವಾಯಿತು. ಹುಟ್ಟು ಮೆಲ್ಲಗೆ ಅಲುಗಿ, ಅವನ ಕೋಟಿನ ತೋಳನ್ನು ಸುತ್ತಿಕೊಳ್ಳತೊಡಗಿತು.

"ಸ್ವಿಚ್ಚು! ಸ್ವಿಚ್ ಆರ್ಸ್ರೋ ಬೇವರ್ಸಿಗಳಾ!"

ಸ್ವಿಚ್ಚು ಮಾಲ್‌ಜಾಳ ಪಕ್ಕದ ಗೋಡೆಯಲ್ಲೇ ಇತ್ತು. ಒಕ್‌ಬುನ್ ಹೋಗಿ ಅವಳ ಮಗ್ಗುಲಲ್ಲಿ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದಳು. ಬಗ್ಗಿದವರಲ್ಲಿ ಒಬ್ಬರೂ ಅಲುಗಲಿಲ್ಲ.

"ಯಜಮಾನ್ರೇ," ನೆಲದಿಂದಲೇ ಮಾಲ್‌ಜಾ ಕೇಳಿದಳು, "ಈಗ ತಲೆ ಎತ್‌ಬೋದಾ?"