ಟ್ರೆಬಲ್ ನಾಬ್

"ಹೇಳಿ ಭಾವ, ಅಕ್ಕ ನಾಬ್ ತಿರುಗ್ಸಿದಾಳೋ ಇಲ್ವೋ?"

ಕೇಳಿದವನು ಅವಳ ತಮ್ಮ, ರೇಡಿಯೋ ಮೆಕ್ಯಾನಿಕ್. ಗಂಡನ ಕುರ್ಚಿಯ ಹಿಂದೆ, ತಮ್ಮ ತಂದ ಆಂಪ್ಲಿಫೈಯರಿನ ಮುಂದೆ ಕೂತು ಅವಳು ಚೂಪು ದನಿ ಹೆಚ್ಚಿಸುವ ಟ್ರೆಬಲ್ ನಾಬನ್ನು ಕೊನೆಯವರೆಗೂ ಏರಿಸಿದ್ದಳು. ಹಾಡುಗಾರ್ತಿಯ ಒಂದೊಂದು 'ಸ'ಕಾರವೂ ಕಿವಿಗೆ ಸೂಜಿ ಚುಚ್ಚಿದಂತೆ ಬರುತ್ತಿತ್ತು. ಎದುರಿಗಿದ್ದ ಮೂವರು ಗೆಳೆಯರು ಮುಖ ಕಿವುಚಿದರು. ಅವರನ್ನೊಮ್ಮೆ ನೋಡಿ ಗಂಡ, ತಿರುಗಿಸಿದ್ದಾಳೆ ಎಂದ.

ಬಳಗದಲ್ಲಿ ಅವನಿಗೆ 'ಕಿವಿ ಮೇಷ್ಟ್ರು' ಎಂದೇ ಹೆಸರು. ಟ್ರೆಬಲ್ಲಿನಂಥ ಟೋನ್ ಕಂಟ್ರೋಲ್ ನಾಬುಗಳೆಂದರೆ ಮೈಯೆಲ್ಲ ಉರಿ. ಹಾಡನ್ನು ರೆಕಾರ್ಡ್ ಮಾಡಿದಂತೆಯೇ ಕೇಳಬೇಕು, ತಿದ್ದಲು ನಾವ್ಯಾರು ಎನ್ನುತ್ತ ಗೆಳೆಯರ ಆಂಪ್ಲಿಫೈಯರುಗಳಿಂದಲೂ ಆ ನಾಬುಗಳನ್ನು ಕಿತ್ತುಹಾಕಿದ್ದ. ವಾರ್ತೆಯ ಮಾತು ಸ್ಪಷ್ಟವಾಗುತ್ತಿಲ್ಲ, ಟ್ರೆಬಲ್ ಒಂದಾದರೂ ಇರಲಿ ಎಂದು ಅವಳು ಬೇಡಿದಾಗ, ಮೊದಲು ಕಿವಿಯ ಗುಗ್ಗೆ ತೆಗೆಸಿಕೋ ಎಂದಿದ್ದ, ಇದೇ ಮೂವರ ಎದುರು. ಅವರು ಬಿದ್ದುಬಿದ್ದು ನಕ್ಕಿದ್ದರು. ಏಳು ವರ್ಷವಾದರೂ ಅವಳು ಅದನ್ನು ಮರೆತಿರಲಿಲ್ಲ.

ಇವತ್ತಿನ ಪಂಥವೂ ಅದಕ್ಕೇ. ಮೂರು ಸಲವೂ ಸರಿಯಾಗಿ ಹೇಳಿದರೆ ಈ ಆಂಪ್ಲಿಫೈಯರ್ ವಾಪಸ್ಸು ಹೋಗಬೇಕು, ಒಂದು ತಪ್ಪಿದರೂ ಮನೆಯಲ್ಲೇ ಉಳಿಯಬೇಕು.

ತಮ್ಮ ಚುರುಕು. ಮುಖ ನೋಡಿ ಹೇಳುವುದು ಆಟವಲ್ಲ ಎಂದು ಕರ್ಚೀಫಿನಿಂದ ಭಾವನ ಕಣ್ಣು ಕಟ್ಟಿದ.

ಎರಡನೇ ಸಲ ಅವಳು ಟ್ರೆಬಲ್ ಪೂರ್ತಿ ಇಳಿಸಿದಳು. ಹಾಡು ಕಂಬಳಿ ಹೊದ್ದು ಮಲಗಿತು.

"ಮುಟ್ಟೇ ಇಲ್ಲ," ಎಂದ ಅವನು, ಗತ್ತಿನಿಂದ.

ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದರು. ಅವಳಿಗೆ ಎಲ್ಲ ಅರ್ಥವಾಯಿತು. ಚೂಪು ದನಿಯ ಮಟ್ಟಿಗೆ ಅವನ ಕಿವಿ ಯಾವ ಕಾಲಕ್ಕೆ ಹೋಗಿದೆಯೋ, ಅವನಿಗೇ ಗೊತ್ತಿಲ್ಲ. ಅಯ್ಯೋ ಎನಿಸಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

ತಮ್ಮನ ಮುಖ ಮಾತ್ರ ಸಪ್ಪಗಾಗಿತ್ತು. ಬಗ್ಗಿ ಪಿಸುಗುಟ್ಟಿದ: "ಸಾಕು ಬಿಡಕ್ಕ. ಆಂಪ್ಲಿಫೈಯರ್ ನಿಂದೇ ಆಯ್ತಲ್ಲ."

ಅವಳು ತಲೆಯಾಡಿಸಿ ಒಂದು ಬೆರಳು ತೋರಿಸಿದಳು. ಇನ್ನೊಂದು ಸಲ. ನಾಬನ್ನು ಮತ್ತೆ ಕೊನೆಯವರೆಗೂ ಏರಿಸಿದಳು. ಗೆಳೆಯರು ಕಿವಿ ಮುಚ್ಚಿಕೊಂಡರು.

ಅವನು ಕತ್ತು ವಾಲಿಸಿ ಬಹಳ ಹೊತ್ತು ಕೇಳಿದ. "ಈಗ್ಲೂ ಮುಟ್ಟಿಲ್ಲ. ಹಾಡು ಕೆಡಿಸೋಕೆ ಅವಳಿಗೆ ಮನಸ್ಸು ಬರಲ್ಲ. ಇಷ್ಟು ವರ್ಷ ನನ್ನ ಜೊತೆ ಬಾಳಿದಾಳಲ್ಲ."

ಮೂವರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಗೆದ್ದೆನೆಂದುಕೊಂಡು ಅವನೂ ನಗುತ್ತ, ಕಣ್ಣಿನ ಬಟ್ಟೆ ಬಿಚ್ಚದೆಯೇ, ಭಾವಮೈದುನನ ಕೈ ಕುಲುಕಲು ಬಲಗೈ ಮುಂದೆ ಚಾಚಿದ. ನಗು ನಿಂತ ಮೇಲೂ ಆ ಕೈ ಹಾಗೇ ಚಾಚಿಕೊಂಡಿತ್ತು.